ಮೆಷಿನ್ ಕಾಲು

ಅಕ್ಕ ಹೊಲಿಗೆ ಮೆಷಿನ್ನಿನ ಮೇಲೆಯೇ ತಲೆಯಿಟ್ಟು ಸತ್ತಿದ್ದಳು. ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು. ಪಕ್ಕದಲ್ಲಿ ಚೀಟಿಯಿಲ್ಲದ ಪೊಟ್ಟಣ, ಅದರಲ್ಲಿ ನಾಲ್ಕು ಬಿಳಿ ಮಾತ್ರೆ.

ತಂಗಿ ಪೊಟ್ಟಣವನ್ನು ಇನ್‌ಸ್ಪೆಕ್ಟರಮ್ಮನಿಗೆ ತೋರಿಸಿದಳು. ಮಾತ್ರೆ ತಂದವನು ಭಾವ. ನಿನ್ನೆ ಗಂಡಹೆಂಡಿರ ಜಗಳ ಬೀದಿಗೆಲ್ಲ ಕೇಳಿಸಿತ್ತು.

"ಇವರೇ ಏನೋ ಹಾಕಿ ಕೊಂದಿದಾರೆ, ಮೇಡಂ!"

ಭಾವ ಗೋಡೆಗೊರಗಿ ಕುಸಿದ. "ಕಾಲುನೋವಿಗೆ ತಂದಿದ್ದಮ್ಮಾ. ಆಸ್ಪತ್ರೆಗೆ ಹೋಗೋಣ ಅಂದೆ, ಅದಕ್ಕೇ ಜಗಳ. ಇದು ಮೆಷಿನ್ ಕಾಲು, ತುಳಿದೂ ತುಳಿದೂ ಊದತ್ತೆ, ನಮ್ಮನೇಲಿ ಎಲ್ರಿಗೂ ಬರತ್ತೆ ಅಂದ್ಲು."

ಇನ್‌ಸ್ಪೆಕ್ಟರಮ್ಮ ಬಗ್ಗಿ ನೋಡಿದರು. ಹೆಣದ ಎಡಗಾಲು ಮಾತ್ರ ಊದಿತ್ತು.

"ಮೆಷಿನ್‌ಗೆ ಮೋಟಾರ್ ಹಾಕ್ಸಿ ಎಷ್ಟು ದಿನ ಆಯ್ತು?"

"ಮೂರು ವರ್ಷ," ಎಂದ ಭಾವ.

"ಬಲಗಾಲಲ್ಲಿ ಒತ್ತಿದ್ರೆ ಸಾಕು. ಎಡಗಾಲಿಗೆ ಕೆಲಸವೇ ಇಲ್ವಲ್ಲ!"

* * *

ಹತ್ತು ದಿನ ತಂಗಿ ಭಾವನ ಕೈಯಿಂದ ನೀರೂ ಮುಟ್ಟಲಿಲ್ಲ. ಅಷ್ಟು ಭಯ. ಹನ್ನೊಂದನೆಯ ದಿನ ಠಾಣೆಯಿಂದ ಇಬ್ಬರಿಗೂ ಕರೆ ಬಂತು. ಹೊರಡುವಾಗ ಅವಳ ಎಡ ಚಪ್ಪಲಿಯ ಪಟ್ಟಿ ಸೇರಲಿಲ್ಲ. ಹಾಗೇ ಎಳೆದುಕೊಂಡು ಹೋದಳು.

"ಪೋಸ್ಟ್‌ಮಾರ್ಟಂನಲ್ಲಿ ವಿಷ ಸಿಕ್ಕಿಲ್ಲ. ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿದೆ," ಎಂದರು ಇನ್‌ಸ್ಪೆಕ್ಟರಮ್ಮ. "ನಿಮ್ಮ ಅಮ್ಮನಿಗೂ ಕಾಲು ಊದಿತ್ತಾ?"

"ಹೌದು. ಆಮೇಲೆ ಹೊಟ್ಟೇಲಿ ಗೆಡ್ಡೆ ಅಂದ್ರು. ಆರು ತಿಂಗಳಿಗೆ ಹೋದ್ಲು. ಅಮ್ಮನ ತಂಗಿ ಚಿಕ್ಕಮ್ಮಂಗೂ ಹಂಗೇ."

"ಚಿಕ್ಕಮ್ಮನೂ ಮೆಷಿನ್ ತುಳೀತಿದ್ರಾ?"

ತಂಗಿ ಇಲ್ಲವೆಂದು ತಲೆಯಾಡಿಸಿದಳು. ಚಿಕ್ಕಮ್ಮ ಜನ್ಮದಲ್ಲಿ ಮೆಷಿನ್ ಮುಟ್ಟಿದವಳಲ್ಲ. ಚಾಪೆಯ ಮೇಲೆ ಕೂತು ಕಾಜಾ ಹೊಲಿದು ಗುಂಡಿ ಹಾಕುತ್ತಿದ್ದಳು, ಅಷ್ಟೇ.

"ಅಂದ್ರೆ ಮೆಷಿನ್ ತಪ್ಪಲ್ಲ. ನಿಮ್ಮಕ್ಕನ ಅಂಡಾಶಯದಲ್ಲಿ ಕ್ಯಾನ್ಸರ್ ಇತ್ತು. ಕೆಲವು ಕ್ಯಾನ್ಸರ್ ರಕ್ತ ಹೆಪ್ಪುಗಟ್ಟಿಸತ್ತೆ. ಗೆಡ್ಡೆ ಗೊತ್ತಾಗೋಕ್ಕಿಂತ ಮುಂಚೆ ಕಾಲು ಊದಬಹುದು. ಒಂದೇ ಮನೇಲಿ ಮೂವರು! ಇದು ವಂಶದಲ್ಲೇ ಬಂದಿರಬಹುದು ಅಂತಾರೆ ಡಾಕ್ಟ್ರು. ಕೊಲೆಗಾರ ಮೂರು ಸಲ ಮನೆಗೆ ಬಂದ. ಮೂರು ಸಲವೂ ನೀವು ಮೆಷಿನ್ ಮೇಲೆ ತಪ್ಪು ಹೊರಿಸಿದ್ರಿ."

ತಂಗಿ ಎಡಗಾಲನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಎಳೆದುಕೊಂಡಳು. ಸಾಯಲು ಅವಳಿಗೆ ಇಷ್ಟವಿರಲಿಲ್ಲ.

ಇನ್‌ಸ್ಪೆಕ್ಟರಮ್ಮನ ಕಣ್ಣು ಆಗಲೇ ಚಪ್ಪಲಿಯ ಮೇಲಿತ್ತು. "ಯಾವಾಗಿಂದ?"

"ನಾಲ್ಕು ದಿನ... ಓಡಾಡಿ ಓಡಾಡಿ ಊದಿದೆ ಅಂದ್ಕೊಂಡೆ."

ಮೂಲೆಯಲ್ಲಿದ್ದ ಭಾವ ಎದ್ದು ಬಂದ. ಮೇಜಿನ ಮೇಲಿದ್ದ ನೀರಿನ ಲೋಟ ಅವಳ ಮುಂದೆ ಹಿಡಿದ.

"ಕುಡಿ. ನಿಮ್ಮಕ್ಕನ ಮಾತು ಕೇಳಿ ಕೆಟ್ಟೆ. ನಿನ್ನ ಮಾತು ಕೇಳೋನಲ್ಲ. ಜೀಪು ನಿಂತಿದೆ, ನಡಿ ಆಸ್ಪತ್ರೆಗೆ."

ಅವಳು ಲೋಟ ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದಳು.