ತಲೆ ಎತ್ತದ ಮಗು

ಬಾಗಿಲು ತೆಗೆದ ಸದ್ದಿಗೆ ಅವನು ತಲೆ ಎತ್ತಲೇ ಇಲ್ಲ.

ಲ್ಯಾಬಿನ ನೆಲದ ಮೇಲೆ ಕೂತು, ಮಕ್ಕಳು ಬಾಯಿಗೆ ಹಾಕಿದ್ದ ಮರದ ಬ್ಲಾಕುಗಳನ್ನು ಒರೆಸುತ್ತಿದ್ದ. ಎರಡು ವರ್ಷದ ಮೇಲೆ ಬಂದವಳಿಗೆ ಅವನ ಬೆನ್ನೇ ಸ್ವಾಗತ.

"ಬಂದ್ರಾ?" ಎಂದ.

ಬಾಯ್ತುಂಬ 'ನೀನು' ಎನ್ನುತ್ತಿದ್ದವನು ಈಗ ಬಹುವಚನಕ್ಕೆ ಇಳಿದಿದ್ದಾನೆ.

ಇಬ್ಬರೂ ಮಕ್ಕಳ ಬೆಳವಣಿಗೆಯ ಸಂಶೋಧಕರು, ಒಬ್ಬರೇ ಗೈಡ್ ಕೈಕೆಳಗೆ ಪಿಎಚ್‌ಡಿ ಮಾಡಿದವರು. ಮಾತೇ ಆಡದ ಅವನಿಗೆ ಲ್ಯಾಬಿನವರು ಇಟ್ಟ ಹೆಸರು ಗುಮ್ಮನಗುಸುಕ. ಆ ಗುಮ್ಮನಗುಸುಕನನ್ನೇ ಅವಳು ಪ್ರೀತಿಸಿದ್ದಳು. ತನಗೆ ದೂರದ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕ ದಿನ ಅವನು 'ಬೇಡ' ಅನ್ನದಿದ್ದರೆ ಹೋಗಲಿ, ಬೇಜಾರಾಯ್ತು ಅಂತಾದರೂ ಅಂದಾನೆಂದು ಕಾದಳು. "ಒಳ್ಳೇದಾಯ್ತು, ಹೋಗು" ಎಂದವನು ಕ್ಯಾಮೆರಾದ ವೈರು ಸುತ್ತುತ್ತಾ ಕೂತ. ಬೀಳ್ಕೊಡಲೂ ಬರಲಿಲ್ಲ. ಕಲ್ಲು ಮನಸ್ಸಿನವನು ಎಂದುಕೊಂಡು ಅವಳು ಹೊರಟುಬಿಟ್ಟಳು.

ಈಗ ಅನುದಾನ ನಿಂತು ಲ್ಯಾಬಿಗೇ ಬೀಗ ಬೀಳುತ್ತಿದೆ. ಅವಳು ಇಲ್ಲಿ ಶುರುಮಾಡಿದ್ದ ಅಧ್ಯಯನದ ಕೊನೆಯ ಮಗು ಇವತ್ತು ಬರುವುದಿತ್ತು, ಅದಕ್ಕೇ ಬಂದಿದ್ದಳು. ಇವತ್ತೂ ಅವನು ಬಾಯಿ ಬಿಡದಿದ್ದರೆ ಸಂಜೆಯ ರೈಲಿಗೆ ಹೊರಡುವುದು, ಮತ್ತೆಂದೂ ಈ ಕಡೆ ತಿರುಗಿ ನೋಡುವುದಿಲ್ಲ.

ಪರೀಕ್ಷೆ ಸರಳ. ಆಟಿಕೆಗಳ ನಡುವೆ ಮಗುವನ್ನು ಬಿಟ್ಟು ತಾಯಿ ಹೊರಗೆ ಹೋಗಿ, ಸ್ವಲ್ಪ ಹೊತ್ತಿಗೆ ವಾಪಸ್ಸು ಬರಬೇಕು. ಹೋದಾಗ ಮಗು ಅತ್ತಿತೋ ಇಲ್ಲವೋ ಅನ್ನುವುದಕ್ಕಿಂತ, ತಾಯಿ ಬಂದಾಗ ಏನು ಮಾಡಿತು ಎಂಬುದೇ ಮುಖ್ಯ. ಮಗುವಿನ ಎದೆಗೆ ಅಂಟಿಸಿದ ಪುಟ್ಟ ಯಂತ್ರ ಬಡಿತವನ್ನೂ ಪರದೆಯ ಮೇಲೆ ತೋರಿಸುತ್ತದೆ.

ಇವತ್ತು ಬಂದ ಪುಟ್ಟ ಹುಡುಗಿ ಅಳಲಿಲ್ಲ. ಅಮ್ಮ ಒಳಗೆ ಬಂದಾಗ ತಲೆಯನ್ನೂ ಎತ್ತಲಿಲ್ಲ. ಬ್ಲಾಕಿನ ಮೇಲೆ ಬ್ಲಾಕು ಇಡುತ್ತಲೇ ಇದ್ದಳು.

ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಬಂದಿದ್ದ ತಾಯಿಯ ಮುಖ ಬಾಡಿಹೋಯಿತು. "ನನ್ನ ಮರೆತೇಬಿಟ್ಟಿದ್ದಾಳೆ ಮೇಡಂ. ನಾನು ಬಂದ್ರೂ ಒಂದೇ, ಹೋದ್ರೂ ಒಂದೇ."

ಅವಳು ಪರದೆಯನ್ನು ತಾಯಿಯ ಕಡೆ ತಿರುಗಿಸಿದಳು. ಬಡಿತದ ಗೆರೆ ಬಿರುಸಾಗಿ ಏರಿಳಿಯುತ್ತಿತ್ತು.

"ನೋಡಿ, ನೀವು ಹೋದಾಗಿನಿಂದ ಎದೆ ಹೀಗೇ ಹೊಡ್ಕೋತಿದೆ. ಮರೆತಿಲ್ಲಮ್ಮ. ಅತ್ತರೂ ಹೋಗೋರು ನಿಲ್ಲಲ್ಲ ಅನ್ನಿಸಿದಾಗ, ಕೆಲವು ಮಕ್ಕಳು ಆಟಿಕೆ ಹಿಡ್ಕೊಂಡು ಸುಮ್ಮನೆ ಕೂತುಬಿಡ್ತಾರೆ. ಎತ್ಕೊಳ್ಳೋಕೆ ಅವಸರ ಮಾಡಬೇಡಿ. ಪಕ್ಕದಲ್ಲಿ ಕೂತಿರಿ... ಅವಳಾಗೇ ಬರ್ತಾಳೆ."

ಹೇಳುತ್ತಾ ಹೇಳುತ್ತಾ ಅವಳ ಕಣ್ಣು ಕ್ಯಾಮೆರಾ ಹಿಂದೆ ನಿಂತಿದ್ದ ಅವನ ಕಡೆ ಹೋಯಿತು. ದೀಪದ ಬುಡದಲ್ಲೇ ಕತ್ತಲೆ! ಇದನ್ನೇ ಓದಿ, ಇದಕ್ಕೇ ಡಾಕ್ಟರೇಟ್ ಪಡೆದವಳು, ಅವನ ಬೆನ್ನು ನೋಡಿ 'ಪ್ರೀತಿ ಇಲ್ಲ' ಎಂದು ಅಂಕ ಹಾಕಿ ಹೋಗಿದ್ದಳಲ್ಲ.

ತಾಯಿ ಹೋಗಿ ಪಕ್ಕದಲ್ಲಿ ಕೂತಳು. ಬಹಳ ಹೊತ್ತಿನ ಮೇಲೆ ಮಗು ಒಂದು ಬ್ಲಾಕನ್ನು ತಂದು ಅಮ್ಮನ ಮಡಿಲಲ್ಲಿಟ್ಟಿತು.

ಅವರು ಹೊರಟ ಮೇಲೆ ಅವನು ಮತ್ತೆ ಬಟ್ಟೆ ಹಿಡಿದ. ಅವಳೂ ಒಂದು ಬಟ್ಟೆ ತಗೊಂಡು ಅವನ ಪಕ್ಕ ನೆಲದ ಮೇಲೆ ಕೂತಳು. ತಾನೂ ಬ್ಲಾಕು ಒರೆಸತೊಡಗಿದಳು. ಒಂದು ಕೆಂಪು ಬ್ಲಾಕನ್ನೇ ಅವನು ಎಷ್ಟೋ ಹೊತ್ತಿನಿಂದ ಒರೆಸುತ್ತಿದ್ದ.

"ಅಮ್ಮ ತೀರಿಕೊಂಡಾಗ ತುಂಬಾ ಅತ್ತಿದ್ದೆ," ಎಂದ ಕೊನೆಗೆ. "ಅತ್ರೆ ಸತ್ತೋರು ಬರ್ತಾರಾ ಅಂತ ಚಿಕ್ಕಮ್ಮ ಗದರಿದ್ಲು. ಅವತ್ತಿಂದ ಅಳೋದೇ ಬಿಟ್ಟುಹೋಯ್ತು... ನೀನು ಹೋಗೋವಾಗಲೂ ಅಳು ಬರಲಿಲ್ಲ."

'ನೀನು' ಎಂದಿದ್ದ. ಅವಳು ಅವನ ಎದೆಯ ಮೇಲೆ ಅಂಗೈ ಇಟ್ಟಳು. ಬಡಿತ ನೋಡಲು ಯಂತ್ರವೇನೂ ಬೇಕಿರಲಿಲ್ಲ.

"ಸಂಜೆ ಹೋಗ್ತೀಯಾ?"

"ಒಬ್ಬಳೇ ಹೋಗಲ್ಲ. ಅಲ್ಲೂ ಮಕ್ಕಳು ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ತಾರೆ, ಒರೆಸೋಕೆ ಜನ ಬೇಕು."

ಅವನು ನಗಲು ನೋಡಿದ. ತುಟಿ ಅದುರಿತೇ ಹೊರತು ನಗು ಬರಲಿಲ್ಲ.

"ಈಗ ಅತ್ರೆ..."

"ಅಳು. ನಾನು ಇಲ್ಲೇ ಕೂತಿದ್ದೀನಿ."