ಮಖಮಲ್ ಪರದೆಗಳ ಕಳವು

ಆ ಥಿಯೇಟರ್ ಈಗಿಲ್ಲ. ಟಿಕೆಟ್ ಕಿಟಕಿಯಲ್ಲಿ ಕೂತೇ ಕೂದಲು ಹಣ್ಣಾಗಿಸಿಕೊಂಡ ನನ್ನ ಚಿಕ್ಕಮ್ಮ ಅದರ ಮಹಡಿ ಕೋಣೆಯಲ್ಲೇ ವಾಸವಾಗಿದ್ದಳು. ನಾಟಕ ಕಂಪನಿಯಲ್ಲಿ ಏನೇ ಕಳೆದರೂ ಜನ ಪೊಲೀಸರಿಗಿಂತ ಮೊದಲು ಅವಳ ಬಾಗಿಲು ತಟ್ಟುತ್ತಿದ್ದರು. ರಂಗದ ದೀಪ ನೋಡಿಕೊಳ್ಳುತ್ತಿದ್ದ ನಾನು ಅವಳ ಬಲಗೈ ಬಂಟ. ಬೈಸಿಕೊಳ್ಳುವುದಕ್ಕೂ ನಾನೇ ಬೇಕು!

ಆ ಬೆಳಿಗ್ಗೆ ಓಡಿಬಂದವಳು ರಂಗಸಜ್ಜಿಕೆಯ ಹುಡುಗಿ.

"ಅಮ್ಮಾ, ನನ್ನ ಪರದೆಗಳೇ ಇಲ್ಲ! ಸಂಜೆಗೆ ಮೊದಲ್ನೇ ಆಟ. ನಾನೇ ಮಾರ್ಕೊಂಡೆ ಅಂತಾರೆ ಕಂಪನಿ ಯಜಮಾನ್ರು. ಮಧ್ಯಾಹ್ನದೊಳಗೆ ಸಿಗದಿದ್ರೆ ಗಂಟುಮೂಟೆ ಕಟ್ಟು ಅಂದ್ರು."

ನಮ್ಮ ಸಂಗೀತ ನಾಟಕಗಳಿಗೆಲ್ಲ ಹಿಂದೆ ಅವಳ ಅಪ್ಪನೇ ರಂಗ ಸಜ್ಜು ಮಾಡುತ್ತಿದ್ದವರು. ಅವರು ಕಟ್ಟುತ್ತಿದ್ದ ಅರಮನೆ, ಅಬ್ಬಬ್ಬಾ! ಹಲಗೆಯ ಗೋಡೆ, ಅದರ ಮೇಲೆ ಬರೆದ ಕಂಬಗಳು, ಬಿಸಿ ಅಂಟಿನ ಆ ವಾಸನೆ. ಅವರು ತೀರಿಕೊಂಡ ಮೇಲೆ ಮಗಳಿಗೆ ಸಿಕ್ಕ ಮೊದಲ ನಾಟಕ ಇದು. ದುಃಖದ ಅರಮನೆ ಬೇಕೆಂದು ಅವಳು ಹಲಗೆಗಳನ್ನು ಹಿತ್ತಲಿಗೆ ಸಾಗಿಸಿ, ಸುತ್ತಲೂ ದಪ್ಪ ಮಖಮಲ್ ಇಳಿಬಿಟ್ಟು, ನೆಲಕ್ಕೆ ರತ್ನಗಂಬಳಿ ಹಾಸಿದ್ದಳು. ನಿಜ ಹೇಳಬೇಕೆಂದರೆ ಅದೂ ಚೆನ್ನಾಗಿತ್ತು.

ಹಿಂದಿನ ಸಂಜೆಯ ತಾಲೀಮಿನಲ್ಲಿ ಚಿಕ್ಕಮ್ಮ ಕೊನೆಯ ಸಾಲಿನಲ್ಲಿ ನನ್ನ ಪಕ್ಕ ಕೂತು, ರಾಜ ಹಾಡಿದಾಗಲೆಲ್ಲ "ಏನಂದ್ರೋ? ಏನು ಹಾಡಿದ್ರು?" ಎಂದು ಪ್ರಾಣ ತಿಂದಿದ್ದಳು. ರಾಣಿ ಹಾಡಿದಾಗ ಮಾತ್ರ ಸುಮ್ಮನಿದ್ದಳು. ಚಿಕ್ಕಮ್ಮನ ಕಿವಿ ಮಂದವಾಯಿತೆಂದು ನಾನು ನಕ್ಕಿದ್ದೆ.

ನಾವು ಕೆಳಗಿಳಿದಾಗ ರಂಗ ಬೋಳುಬೋಳಾಗಿತ್ತು. ಮಖಮಲ್, ರತ್ನಗಂಬಳಿ ಎರಡೂ ಮಾಯ. ರಾಣಿಯ ರೇಷ್ಮೆ ಉಡುಪು, ಹಿತ್ತಾಳೆ ದೀಪಗಳು ಇದ್ದಲ್ಲೇ ಇದ್ದವು. ಪರದೆಯ ಹಗ್ಗಗಳನ್ನು ಯಾರೂ ಕತ್ತರಿಸಿರಲಿಲ್ಲ, ಗಂಟು ಬಿಚ್ಚಿದ್ದರು. ಕೈಚೀಲಕ್ಕಿಂತ ದೊಡ್ಡದೇನೂ ಬಾಗಿಲು ದಾಟಿಲ್ಲವೆಂದು ಕಾವಲಿನವನು ಆಣೆ ಮಾಡಿದ. ಯಜಮಾನರು ಹುಡುಗಿಯ ಮೇಲೆ ಕೂಗಾಡುತ್ತಿದ್ದರು. ಎತ್ತರದ ಮರದ ಪೀಠದ ಮೇಲಿನ ಸಿಂಹಾಸನದಲ್ಲಿ ರಾಜಪಾರ್ಟಿನ ಹಿರಿಯರು ತಲೆತಗ್ಗಿಸಿ ಕೂತಿದ್ದರು. ಚಹಾ ಬಂತು ಎಂದರೂ ಏಳಲಿಲ್ಲ.

"ಮಂಡಿ ನೋವು ಕಣಯ್ಯಾ, ಇಲ್ಲಿಗೇ ತಂದುಕೊಡು," ಎಂದರು.

ಚಿಕ್ಕಮ್ಮ ಬರಿಯ ರಂಗದ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದಳು. ಸದ್ದು ಖಣ್ಣೆಂದು ಹಿಂದಿರುಗಿತು.

"ಎಲ್ಲರನ್ನೂ ಕರಿಯೋ," ಎಂದಳು ನನಗೆ.

ಎಲ್ಲರೂ ಸೇರಿದ ಮೇಲೆ ಶುರುಮಾಡಿದಳು. "ಕಳ್ಳನಿಗೆ ದುಡ್ಡಿನ ಆಸೆ ಇದ್ದಿದ್ರೆ ರೇಷ್ಮೆ ಬಿಡ್ತಿದ್ನಾ? ಹೋಗಿರೋದೆಲ್ಲ ದಪ್ಪ ಬಟ್ಟೆ. ದಪ್ಪ ಬಟ್ಟೆ ದನಿ ನುಂಗುತ್ತೆ. ನಿಮ್ಮಪ್ಪ ಹಾಡೋರ ಬೆನ್ನಿಗೆ ಯಾವಾಗ್ಲೂ ಹಲಗೆ ನಿಲ್ಲಿಸ್ತಿದ್ದದ್ದು ದನಿ ಮುಂದಕ್ಕೆ ಹೋಗಲಿ ಅಂತ, ಮಗಳೇ."

"ಬರೀ ಚಂದಕ್ಕೆ ಅಂದ್ಕೊಂಡಿದ್ದೆ," ಎಂದಳು ಹುಡುಗಿ. "ನಂಗ್ಯಾರೂ ಹೇಳ್ಲೇ ಇಲ್ಲ."

"ರಾಣಿಯದು ಎಳೇ ಗಂಟಲು, ನಿನ್ನೆ ನನಗೆ ಕೇಳಿಸ್ತು. ಒಬ್ಬರದು ಮಾತ್ರ ಕೇಳಿಸ್ಲಿಲ್ಲ. ಗಂಟು ಬಿಚ್ಚೋಕೆ ಬಂದಿದೆ ಅಂದ್ರೆ ನಮ್ಮವರೇ. ಮಾಲು ಬಾಗಿಲು ದಾಟಿಲ್ಲ ಅಂದ್ರೆ ಇಲ್ಲೇ ಇದೆ. ಅಷ್ಟು ಬಟ್ಟೆ ಹಿಡಿಸೋ ಟೊಳ್ಳು ಜಾಗ ಇಲ್ಲಿರೋದು ಒಂದೇ." ಅವಳು ತಿರುಗಿದಳು. "ಮಹಾರಾಜರೇ, ಸ್ವಲ್ಪ ಎದ್ದೇಳ್ತೀರಾ?"

ಅವರು ಎದ್ದರು. ನಾನು ಪೀಠದ ಹಿಂಬದಿಯ ಹಲಗೆ ಸರಿಸಿದೆ. ಮಖಮಲ್ ಹೊರಗೆ ಜಾರಿತು, ಅದರ ಹಿಂದೆ ರತ್ನಗಂಬಳಿ.

"ನನ್ನ ದನಿ ಹೋಯ್ತು ಅಂತ ಹೇಳೋಕೆ ನಾಚಿಕೆ ಆಯ್ತು," ಎಂದರು ಹಿರಿಯರು. "ಪರದೆ ಇಲ್ಲದಿದ್ರೆ ಹಲಗೆ ವಾಪಸ್ ಬರುತ್ತೆ ಅಂದ್ಕೊಂಡೆ."

ಹುಡುಗಿ ಅವರೆದುರು ಬಂದು ನಿಂತಳು. "ನನ್ನ ಕಳ್ಳಿ ಅಂದಾಗ ಅಲ್ಲೇ ಕೂತಿದ್ರಲ್ಲ ಮಾವ! ಹೆಗಲ ಮೇಲೆ ಹೊತ್ತು ಆಡಿಸಿದೋರು ನೀವು. ಒಂದು ಮಾತೂ ಆಡ್ಲಿಲ್ಲ."

ಅವರು ಯಜಮಾನರತ್ತ ತಿರುಗಿದರು. "ಗಂಟುಮೂಟೆ ಕಟ್ಟಬೇಕಾದೋನು ನಾನು. ಅವಳ ಕ್ಷಮೆ ಕೇಳಿ."

ಯಜಮಾನರು ಕ್ಷಮೆ ಕೇಳಿದರು. ಹುಡುಗಿ ಅದಕ್ಕೆ ನಿಲ್ಲಲಿಲ್ಲ. ಹಿತ್ತಲಿಗೆ ಹೋಗಿ, ನನ್ನ ಕೈಯಲ್ಲಿ ಒಂದು ತುದಿ ಹಿಡಿಸಿ, ಅಪ್ಪನ ಹಲಗೆ ಗೋಡೆಯನ್ನು ರಂಗಕ್ಕೆ ತಂದಳು. ನನಗಂತೂ ಕಣ್ಣು ಮಂಜಾಗಿ ದಾರಿಯೇ ಕಾಣಲಿಲ್ಲ.

"ಕ್ಷಮಿಸಿದೆ ಅಂದ್ಕೋಬೇಡಿ ಮಾವ," ಎಂದಳು ಅವಳು. "ಅಪ್ಪ ಇದನ್ನ ಎಲ್ಲಿ ನಿಲ್ಲಿಸ್ತಿದ್ರೋ ನಂಗೊತ್ತಿಲ್ಲ. ನೀವು ಹಾಡಿ. ದನಿ ಹಿಂದಿನ ಗೋಡೆ ಮುಟ್ಟೋ ತನಕ ನಾನು ಹಲಗೆ ಸರಿಸ್ತಾ ಇರ್ತೀನಿ."