ಮುಗಿಯಬಾರದ ಪರೀಕ್ಷೆ

“ಇನ್ನೂ ಹುಟ್ಟದ ಬೋರ್ಡಿಗೆ ಅದೇನ್ ರೋಗ ಹಚ್ಚಾಕತ್ತೀರಿ ಮೇಡಂ?”

ಭೂಸನೂರಿನ ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ಕೋಣೆ. ಬಾಗಿಲಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತವನು ಎಂಜಿನಿಯರ್ ಪ್ರಹ್ಲಾದ. ಪರದೆಯ ಮುಂದೆ ಕೂತಿದ್ದ ಸುಲಭಾ ತಿರುಗಿ ನೋಡಿದಳು. ಅಬ್ಬಾ, ಎಂಥ ಸಿಟ್ಟು! ಎಂಥ ಕಣ್ಣು!

1994ರ ಬೇಸಿಗೆ. ಬಾಯ್ಲರಿನ ನೀರು, ಬೆಂಕಿ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್ ಬೋರ್ಡೊಂದರ ನಕ್ಷೆಯನ್ನು ಅವನು ಬರೆದಿದ್ದ. ಅದನ್ನು ಮಾಡಿಸುವ ಮುಂಚೆ ಪ್ರೊಸೆಸರ್, ಮೆಮೊರಿ, ಪಂಪು, ಬಾಯ್ಲರ್ ಸಮೇತ ಇಡೀ ವ್ಯವಸ್ಥೆಯನ್ನು ಕಂಪ್ಯೂಟರಿನೊಳಗೇ ಕಟ್ಟಿ, ಓಡಿಸಿ, ತಪ್ಪು ಹುಡುಕುವುದು ಇವಳ ಕೆಲಸ.

“ಪಂಪ್ ಕೆಟ್ಟಾಗ ಕರೆಂಟೂ ಹೋದ್ರ ನಿಮ್ಮ ಬೋರ್ಡ್ ನಿಂತುಬಿಡ್ತದ್ರಿ. ಬರ್ರಿ, ನೀವೇ ನೋಡ್ರಿ.”

ನೋಡಿದ. ಮುಖ ಸಪ್ಪಗಾಯಿತು. ಮರುದಿನ ತಿದ್ದಿಕೊಂಡು ಬಂದ. ಹೀಗೇ ವಾರಗಳು ಕಳೆದವು. ಸಿಟ್ಟು ಕರಗಿ, ಅವಳಿಗೂ ಚಹಾ ತರತೊಡಗಿದ. ಅವನು ಬರುವ ಹೊತ್ತಿಗೆ ಅವಳ ಕಣ್ಣು ಬಾಗಿಲತ್ತಲೇ ಇರುತ್ತಿತ್ತು.

ಪಾಪ, ಅವಳ ಸಂಕಟ ಅವನಿಗೇನು ಗೊತ್ತು! ಆಳಂದದಲ್ಲಿ ಅಣ್ಣ ದತ್ತಾತ್ರೇಯ ಸೊಲ್ಲಾಪುರದ ವರನಿಗೆ ಮಾತು ಕೊಟ್ಟುಬಿಟ್ಟಿದ್ದ. ಈ ಕೆಲಸ ಮುಗಿದ ಕೂಡಲೇ ಲಗ್ನ! ಅವಳನ್ನು ಕೇಳಿದವರಾರು? ಅಣ್ಣನ ಎದುರು ಬಾಯಿ ಕಟ್ಟಿಹೋಗುತ್ತಿತ್ತು.

‘ಬೋರ್ಡ್ ಪಾಸಾದರೆ ನನ್ನ ಕಥೆ ಮುಗಿಯಿತು...’

ದಿನಕ್ಕೊಂದು ಹೊಸ ಪರೀಕ್ಷೆ ಹುಟ್ಟಿಸತೊಡಗಿದಳು.

ಒಂದು ಸಂಜೆ ಪ್ರಹ್ಲಾದ ಫಲಿತಾಂಶದ ಹಾಳೆಯನ್ನು ಮೇಜಿಗೆ ಕುಕ್ಕಿದ.

“ಬಾಯ್ಲರ್ ನೀರು ಹೆಪ್ಪುಗಟ್ಟಿದ್ರ ಅಂತ ಪರೀಕ್ಷಾ ಮಾಡೀರಿ! ಭೂಸನೂರದಾಗ ಬರ್ಫ ಬೀಳ್ತದೇನ್ರಿ? ನನ್ನ ಹೆಸರು ಕೆಡಸಬೇಕಂತ ಮಾಡೀರೇನು?”

“ಅಲ್ರಿ!” ಸುಲಭಾ ಅತ್ತೇಬಿಟ್ಟಳು. “ನಿಮ್ಮ ಬೋರ್ಡ್ ಸರಿ ಅದ. ಅದು ಪಾಸಾದ್ರ ನನ್ನ ಲಗ್ನ ಮಾಡಿಬಿಡ್ತಾರ... ಅದಕ್ಕ...”

ಪ್ರಹ್ಲಾದ ಕುರ್ಚಿಯಲ್ಲಿ ಕುಸಿದ. “ಬ್ಯಾಡಂತ ಅಣ್ಣಾವರಿಗೆ ಹೇಳೀರೇನು?”

“ಇಲ್ರಿ. ಏನಾಗ್ತದೋ ಅಂತ ಹೆದರಿಕಿ.”

“ಬಾಯ್ಲರಿಗೆ ಏನೇನಾಗ್ತದಂತ ಇಷ್ಟೆಲ್ಲಾ ನೋಡಿದ್ರಿ. ಅಣ್ಣಾವರಿಗೆ ಒಂದ್ ಮಾತು ಹೇಳಿ ನೋಡ್ಲಿಲ್ಲಲ್ರಿ!”

ಹೊರಗೆ ಸ್ಕೂಟರ್ ನಿಂತಿತು. ಕರೆದೊಯ್ಯಲು ದತ್ತಾತ್ರೇಯ ಬಂದಿದ್ದ.

“ಮುಗೀತೇನವಾ?”

ಸುಲಭಾ ಎದ್ದಳು.

“ಮುಗೀತಣ್ಣಾ. ಬೋರ್ಡ್ ಪಾಸ್. ಆದ್ರ... ಆ ಲಗ್ನ ನನಗ ಬ್ಯಾಡ!”

ಅಣ್ಣನ ಮುಖ ಕೆಂಪಾಯಿತು. “ಮತ್ತ ಯಾರು ಬೇಕು?”

ಅವಳು ಪ್ರಹ್ಲಾದನತ್ತ ಬೆರಳು ತೋರಿಸಿದಳು. ಅವನ ಕೈಯಲ್ಲಿದ್ದ ಪೆನ್ನು ಜಾರಿ ಬಿತ್ತು.

“ಅವರನ್ನ ಕೇಳೀಯೇನು?”

“ಇಲ್ಲಣ್ಣಾ.” ಅವಳು ತಿರುಗಿದಳು. “ನನ್ನ ಲಗ್ನ ಆಗ್ತೀರೇನ್ರಿ?”

“ಹಾಂ... ಅಂದ್ರ, ಆಗ್ತೇನ್ರಿ!”

ದತ್ತಾತ್ರೇಯ ಬಗ್ಗಿ, ಬಿದ್ದ ಪೆನ್ನು ಎತ್ತಿ ಪ್ರಹ್ಲಾದನ ಕೈಗಿತ್ತ. “ಇಬ್ರೂ ಮನಿಗೆ ನಡೀರಿ. ಅವ್ವನ ಮುಂದ ಕೂತು ಮಾತಾಡೋಣ.” ಸ್ಕೂಟರಿನತ್ತ ಹೊರಟ.

ಪ್ರಹ್ಲಾದ ಮೆಲ್ಲಗೆ ಕೇಳಿದ, “ಹೆದರಿಕಿ ಹೋತೇನ್ರಿ?”

“ಇಲ್ರಿ... ಒಂದ್ ಸ್ವಲ್ಪ ಹತ್ರ ನಿಂದರ್ರಿ.”